ಹಸಿರು ಮಸಿಯ ಉಸ್ತಾದರು

ಬ್ಯಾಂಕಿನಲ್ಲಿ ನನ್ನ ನೌಕರಿಯೆಲ್ಲ ಬೇರೆಯವರ ಸಹಿಯನ್ನು ಅನುಮಾನದಿಂದ ನೋಡುವುದರಲ್ಲೇ ಕಳೆಯಿತು. ಮೊದಲು ಲಿಂಗಸುಗೂರು, ಆಮೇಲೆ ಮಸ್ಕಿ, ಕೊನೆಗೆ ಸಿಂಧನೂರು. ಶಾಖೆ ಬದಲಾದರೂ ಕೆಲಸ ಅದೇ. ಚೆಕ್ಕಿನ ಮೇಲಿನ ಸಹಿ ಒಂದು ಕಡೆ, ನಮ್ಮಲ್ಲಿರುವ ಮಾದರಿ ಸಹಿ ಇನ್ನೊಂದು ಕಡೆ, ನಡುವೆ ನನ್ನ ಗಂಟುಮೋರೆ. ಈಗ ಸಹಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ಜವಳಗೇರಾದ ಹೊಲದವರೂ ಫೋನಿಗೆ ಬಂದ ಗುಟ್ಟಿನ ಅಂಕಿಗಳನ್ನು ಬಸ್ಸಿನಲ್ಲಿ ನಿಂತು ಕೂಗಿ ಹೇಳಿ ವ್ಯವಹಾರ ಮುಗಿಸುತ್ತಾರೆ. ನಾನು ನಿವೃತ್ತಳಾದಾಗ ಶಾಲು ಹೊದಿಸಿದ ಹೊಸ ಮ್ಯಾನೇಜರು, ನಿಮ್ಮಂಥ ಕಣ್ಣು ಇನ್ನು ಬ್ಯಾಂಕಿಗೆ ಸಿಗುವುದಿಲ್ಲ ಎಂದರು. ಬೇಕಾಗಿಯೂ ಇಲ್ಲ ಎನ್ನುವುದನ್ನು ಮರ್ಯಾದೆಗೆ ಬಿಟ್ಟರು.

ಖೊಟ್ಟಿ ಸಹಿ ಹಿಡಿಯುವುದು ಮಂತ್ರವಿದ್ಯೆಯೇನಲ್ಲ. ಕಾಗದವನ್ನು ತಲೆಕೆಳಗಾಗಿ ಇಟ್ಟರೆ ಹೆಸರು ಮಾಯವಾಗುತ್ತದೆ, ಗೆರೆ ಮಾತ್ರ ಉಳಿಯುತ್ತದೆ. ಹೆಸರು ಓದುವವರು ಮೋಸ ಹೋಗುತ್ತಾರೆ, ಗೆರೆ ನೋಡುವವರು ಹೋಗುವುದಿಲ್ಲ. ನಿಜವಾದ ಸಹಿಗೆ ಅವಸರ ಇರುತ್ತದೆ, ಅದಕ್ಕೆ ಬಸ್ಸು ಹಿಡಿಯಬೇಕಾಗಿರುತ್ತದೆ. ಖೊಟ್ಟಿ ಸಹಿಗೆ ಭಯಭಕ್ತಿ ಜಾಸ್ತಿ. ಇನ್ನೊಂದು ಮಾತು, ಇದನ್ನು ಓದಿದವರಿಗೆ ತಿಳಿಸಿ ಹೇಳುವುದು ಬಹಳ ಕಷ್ಟ: ಒಬ್ಬನೇ ಮನುಷ್ಯನ ಎರಡು ಅಸಲಿ ಸಹಿ ಯಾವತ್ತೂ ಒಂದೇ ತರಹ ಇರುವುದಿಲ್ಲ. ಊಟಕ್ಕೆ ಮುಂಚೆ ಮಾಡಿದ ಸಹಿ ಬೇರೆ, ಊಟ ಆದ ಮೇಲಿನದು ಬೇರೆ. ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತರೆ ಆಗ ಮ್ಯಾನೇಜರನ್ನು ಕರೆಯಬೇಕು.

ಮಸ್ಕಿಯಲ್ಲಿದ್ದಾಗ ಬೇಸರವಾದರೆ ಗುಡ್ಡದ ಕಡೆ ಹೋಗುತ್ತಿದ್ದೆ. ಅಲ್ಲಿ ಬಂಡೆಯ ಮೇಲೆ ರಾಜನೊಬ್ಬ ಬಹಳ ಹಿಂದೆ ತನ್ನ ಮಾತು ಕೊರೆಸಿ, ಹೆಸರೂ ಹಾಕಿಸಿದ್ದಾನೆ. ದೂರದೂರದವರು ಬಂದು ಅದನ್ನು ನೋಡುತ್ತಾರೆ. ನಮ್ಮ ಕಡೆ ಇಷ್ಟು ಹಳೆಯ ಅಸಲಿ ಬರಹ ಇಟ್ಟುಕೊಂಡೂ ನಮ್ಮವರಿಗೆ ಖೊಟ್ಟಿಯ ಮೇಲೇ ಯಾಕೆ ಇಷ್ಟು ಮೋಹವೋ ನನಗೆ ಇಂದಿಗೂ ತಿಳಿದಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಫೋನು ಬಂತು. ಮಾತಾಡಿದವರು ಗಂಗಾವತಿ ರಸ್ತೆಯ ಅಕ್ಕಿ ಗಿರಣಿಯ ಸಾವ್ಕಾರರು. ಇವರ ಅಜ್ಜ ಕಾಲುವೆ ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದವರು. ಮೊಮ್ಮಗ ಸಿಂಧನೂರಿನ ಕನ್ನಡದಲ್ಲೇ ಬೈಯುತ್ತಾರೆ, ಮರ್ಯಾದೆ ಕೊಡಲು ಮಾತ್ರ ತೆಲುಗು ಇಟ್ಟುಕೊಂಡಿದ್ದಾರೆ.

"ಮೇಡಂಗಾರು, ಒಂದು ದಸ್ಕತ್ ನೋಡೋದೈತಿ. ಮಂದಿಗೆ ಗೊತ್ತಾಗೋದು ಬ್ಯಾಡ. ನಾಳೆ ಹಾಲಿಗೆ ಬರ್ರಿ."

ಮರುದಿನ ನಾನು ಆಟೋ ಹತ್ತುವಾಗ ಆಟೋದವನೇ ಕೇಳಿದ, "ದಸ್ಕತ್ ನೋಡಾಕ ಹೊಂಟೀರೇನ್ರಿ ಅಕ್ಕಾರ?"

ಹಾಲ್ ಎಂದರೆ ಸಾವ್ಕಾರರು ಹೊಸದಾಗಿ ಕಟ್ಟಿಸಿದ ಸಂಗೀತ ಮಂದಿರ. ಎದುರಿನ ಗಿರಣಿಯವರು ಕಲ್ಯಾಣ ಮಂಟಪ ಕಟ್ಟಿಸಿದ್ದರು. ಇವರೂ ಮಂಟಪ ಕಟ್ಟಿಸಿದರೆ ನಕಲು ಮಾಡಿದಂತಾಗುತ್ತದಲ್ಲ, ಅದಕ್ಕೆ ಭತ್ತ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಸರಸ್ವತಿಗೆ ಜಾಗ ಸಿಕ್ಕಿತು. ಸಾವ್ಕಾರರಿಗೆ ಸಂಗೀತ ತಿಳಿಯುವುದಿಲ್ಲ, ಮತ್ತು ತಿಳಿಯುತ್ತದೆ ಎಂದು ಅವರು ಯಾವತ್ತೂ ಹೇಳಿಕೊಂಡಿಲ್ಲ. ಊರಿನ ಸಂಗೀತಪ್ರೇಮಿಗಳಲ್ಲಿ ಇಷ್ಟು ಪ್ರಾಮಾಣಿಕರು ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಮಂದಿರಕ್ಕೆ ಕಳೆ ಬಂದದ್ದು ಗೋಡೆಯಿಂದ. ಸಿತಾರಿನವರು, ಶಹನಾಯಿಯವರು, ತಬಲಾದವರು, ಸರೋದಿನವರು, ಖಯಾಲ್ ಹಾಡುವವರು, ಎಲ್ಲರೂ ಕಟ್ಟು ಹಾಕಿಸಿಕೊಂಡು ಸಾಲಾಗಿ ಕೂತಿದ್ದರು. ಪ್ರತಿ ಫೋಟೋದ ಮೇಲೂ ಆಯಾ ದೊಡ್ಡವರ ಹಾರೈಕೆಯ ಮಾತು, ಹಸ್ತಾಕ್ಷರ. ಈಗಿನ ಕಲಾವಿದರು ಸಹಿ ಕೊಡುವುದಿಲ್ಲ, ಸೆಲ್ಫಿ ಕೊಡುತ್ತಾರೆ. ಆದ್ದರಿಂದ ಹಳೆಯ ಸಹಿಗೆ ಈಗ ಹಳೆಯ ಅಕ್ಕಿಯ ಬೆಲೆ ಬಂದಿದೆ. ಈ ಸಂಗ್ರಹವನ್ನೆಲ್ಲ ಮಂದಿರಕ್ಕೆ ದಾನ ಮಾಡಿ ಗೌರವಾಧ್ಯಕ್ಷರಾದವರು ಲಿಂಗಸುಗೂರಿನ ಪ್ರಿನ್ಸಿಪಾಲರು.

ಪ್ರಿನ್ಸಿಪಾಲರು ನಿವೃತ್ತರಾಗಿ ಎಷ್ಟೋ ವರ್ಷ ಆಗಿದೆ, ಆದರೆ ಆ ಹೆಸರು ನಿವೃತ್ತವಾಗಿಲ್ಲ. ನಮ್ಮ ಕಾಲದಲ್ಲಿ ಲಿಂಗಸುಗೂರು ತಾಲೂಕಿನ ಯಾರೇ ನೌಕರಿಗೆ ಅರ್ಜಿ ಹಾಕಲಿ, ಅಂಕಪಟ್ಟಿಯ ಜೆರಾಕ್ಸ್ ಪ್ರತಿಗೆ ಗೆಜೆಟೆಡ್ ಅಧಿಕಾರಿ ಹಸಿರು ಮಸಿಯಲ್ಲಿ ಸಹಿ ಹಾಕಿ ದೃಢೀಕರಿಸಬೇಕಿತ್ತು. ಹಸಿರು ಪೆನ್ನಿನವರು ಊರಿನಲ್ಲಿ ಬೇರೆಯವರೂ ಇದ್ದರು, ಆದರೆ ಅವರು ಆಫೀಸಿನಲ್ಲಿ ಸಿಗುತ್ತಿರಲಿಲ್ಲ. ಪ್ರಿನ್ಸಿಪಾಲರು ಮನೆಯ ಕಟ್ಟೆಯ ಮೇಲೆ ಸಿಗುತ್ತಿದ್ದರು. ನಾನು ಗುರುಗುಂಟಾದಿಂದ ಬೆಳಗಿನ ಬಸ್ಸು ಹಿಡಿದು ಬಂದು ಆ ಕಟ್ಟೆಯ ಮುಂದೆ ಚಪ್ಪಲಿ ಬಿಟ್ಟು ನಿಂತವಳು.

"ಒರಿಜಿನಲ್ ಎಲ್ಲೈತಿ?" ಇದು ಅವರ ಮೊದಲ ಮಾತು. ಒರಿಜಿನಲ್ ಕೊಟ್ಟರೆ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ಒರಿಜಿನಲ್ ಅನ್ನಾಕ ಏನ್ ಖಾತ್ರಿ?" ಎನ್ನುವುದು ಎರಡನೆಯ ಮಾತು. ಮೂರನೆಯ ಮಾತಿನ ಹೊತ್ತಿಗೆ ನಮಗೇ ನಮ್ಮ ಮೇಲೆ ಸಂಶಯ ಬಂದಿರುತ್ತಿತ್ತು. ಮದುವೆ ಪತ್ರಿಕೆ ಕೊಡಲು ಹೋದವನಿಗೂ ವರನ ಒರಿಜಿನಲ್ ಕೇಳಿದರು ಎಂದು ನಮ್ಮ ಕಡೆ ಒಂದು ಮಾತಿದೆ. ಇದನ್ನು ಕಟ್ಟಿದವನು ಬಹಳ ಉತ್ಪ್ರೇಕ್ಷೆ ಮಾಡಿಲ್ಲ ಎಂದು ನನ್ನ ಅಭಿಪ್ರಾಯ.

ಕೊನೆಗೆ ಸಹಿ ಮಾಡುವಾಗ ಅವರದೊಂದು ರೀತಿ ಇತ್ತು. ಅರ್ಜಿಗೆ ಅಂಟಿಸಿದ ಫೋಟೋದ ಅಂಚಿನ ಮೇಲೆ, ಅರ್ಧ ಫೋಟೋದಲ್ಲಿ ಅರ್ಧ ಕಾಗದದಲ್ಲಿ ಬೀಳುವಂತೆ ಸಹಿ. ಯಾರೂ ಫೋಟೋ ಕಿತ್ತು ಬೇರೆಯದು ಅಂಟಿಸಬಾರದಲ್ಲ, ಅದಕ್ಕೆ. ಎಲ್ಲ ಅಧಿಕಾರಿಗಳೂ ಹಾಗೆಯೇ ಮಾಡುತ್ತಾರೆ. ಇವರು ಮಾತ್ರ ಸಹಿ ಮುಗಿದ ಮೇಲೆ ಒಂದು ಬಾಲ ಎಳೆಯುತ್ತಿದ್ದರು; ಅದು ಹಿಂದಕ್ಕೆ ಬಂದು ಕೆನ್ನೆಯ ಮೇಲೆ ಹಾದು ಕಿವಿಯ ಹತ್ತಿರ ಕೊಂಕುತ್ತಿತ್ತು. ನನ್ನ ವಯಸ್ಸಿನ ಅರ್ಧ ತಾಲೂಕಿನ ನೌಕರರ ಕೆನ್ನೆಯ ಮೇಲೆ ಆ ಹಸಿರು ಬಾಲ ಇದೆ. ನನ್ನದರ ಮೇಲೂ ಇದೆ.

ಇಷ್ಟು ಹೇಳಿದ ಮೇಲೆ ಜಗಳ ಏನು ಎಂದು ಹೇಳಬೇಕು. ಮಂದಿರದಲ್ಲಿ ಮಕ್ಕಳಿಗೆ ಸಂಗೀತ ಕಲಿಸಲು ಒಬ್ಬರು ಬೇಕಾಗಿದ್ದರು. ಸಿಂಧನೂರಿನಲ್ಲಿ ಈ ಕೆಲಸಕ್ಕೆ ಯಾರ ಹೆಸರು ಬರುತ್ತದೆಂದು ಆಟೋದವನಿಗೂ ಗೊತ್ತು. ಆರ್.ಎಚ್. ಕ್ಯಾಂಪಿನ ದೀದಿ. ಬಂಗಾಳದಿಂದ ನಿರಾಶ್ರಿತರಾಗಿ ಬಂದು ಕ್ಯಾಂಪಿನಲ್ಲಿ ಭತ್ತ ಬೆಳೆದವರ ಮಗಳು, ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ಹಾಡಿದರೆ ಬೀದಿ ನಿಲ್ಲುತ್ತದೆ, ಬೈದರೆ ಬೀದಿ ಖಾಲಿಯಾಗುತ್ತದೆ. ಬಸ್ ಸ್ಟ್ಯಾಂಡಿನ ಹಿಂದೆ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಪಾಠ. ಮೇಲೆ ಸರಿಗಮ, ಕೆಳಗೆ ರಿಮ್ಮಿಗೆ ಸುತ್ತಿಗೆ ಏಟು. ಅವಳ ಮಕ್ಕಳಿಗೆ ತಾಳ ತಪ್ಪುವುದಿಲ್ಲ ಎನ್ನುವುದಕ್ಕೆ ಅದೇ ಕಾರಣ ಎಂದು ನಾನು ತಮಾಷೆ ಮಾಡುವುದುಂಟು. ಅವಳು ನಗುವುದಿಲ್ಲ. ಸದ್ದಿಲ್ಲದ ಒಂದು ಕೋಣೆ ಅವಳಿಗೆ ಜೀವಮಾನದ ಆಸೆ. ಸ್ವರ ಹಿಡಿದು ನಿಲ್ಲುವುದನ್ನು ಮಕ್ಕಳಿಗೆ ಕಲಿಸಬೇಕಕ್ಕ, ಆ ಕೋಣೆಯೊಳಗೆ ಯಾವ ಸ್ವರವೂ ನಿಲ್ಲುವುದಿಲ್ಲ ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಳು.

ಆದರೆ ಪ್ರಿನ್ಸಿಪಾಲರಿಗೆ ಮಸ್ಕಿಯಲ್ಲಿ ಒಬ್ಬ ಅಳಿಯ ಇದ್ದ. ಮದುವೆ ಮೆರವಣಿಗೆಯಲ್ಲಿ ಕೀಬೋರ್ಡ್ ಬಾರಿಸುತ್ತಾನೆ, ಚೆನ್ನಾಗಿಯೇ ಬಾರಿಸುತ್ತಾನೆ, ಆ ವಿಷಯದಲ್ಲಿ ನನ್ನ ತಕರಾರಿಲ್ಲ. ತಕರಾರು ಅವನ ಕಾಗದದ ಮೇಲೆ. ಕೋಲ್ಕತ್ತದ ಕಡೆಯ ಒಬ್ಬ ಮಹಾ ಸರೋದ್ ವಾದಕರು, ಈಗ ಬದುಕಿಲ್ಲ, ಇವನನ್ನು ತಮ್ಮ ಶಿಷ್ಯ ಎಂದು ಒಪ್ಪಿ ಕೊಟ್ಟ ಪತ್ರವಂತೆ. ಗುರು ಸರೋದಿನವರು, ಶಿಷ್ಯ ಕೀಬೋರ್ಡಿನವನು. ನಡುವೆ ಏನಾಯಿತೆಂದು ಯಾರೂ ಕೇಳಲಿಲ್ಲ.

ದೀದಿಯ ಹತ್ತಿರವೂ ಅದೇ ಸರೋದಿನವರ ಹಸ್ತಾಕ್ಷರ ಇತ್ತು. ಅದು ಕಾಗದದ ಮೇಲಲ್ಲ, ಅವಳ ಅಪ್ಪನ ಪೇಟಿಯ ಮೇಲೆ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಕ್ಯಾಂಪು ಹೊಸದಾಗಿದ್ದಾಗ ಆ ದೊಡ್ಡ ಮನುಷ್ಯರು ಹೊಸಪೇಟೆಗೆ ಕಛೇರಿಗೆ ಬಂದಿದ್ದರಂತೆ. ನಮ್ಮ ಭಾಷೆಯವರು ಬಂದಿದ್ದಾರೆ ಎಂದು ಕ್ಯಾಂಪಿನವರು ಜೀಪು ಮಾಡಿಕೊಂಡು ಹೋಗಿ ಅವರನ್ನು ಮೀನು ಊಟಕ್ಕೆ ಕರೆತಂದರು. ಊಟವಾದ ಮೇಲೆ ದೀದಿಯ ಅಪ್ಪ ಪೇಟಿ ಹಿಡಿದು ಕೀರ್ತನೆ ಹಾಡಿದ. ಅಲ್ಲೇ ಮನೆ ಕಟ್ಟುತ್ತಿದ್ದ ಬಡಗಿಯ ಪೆನ್ಸಿಲ್ ಇಸಿದುಕೊಂಡು ದೊಡ್ಡವರು ಪೇಟಿಯ ಮುಚ್ಚಳದ ಒಳಗೆ ಬಂಗಾಳಿಯಲ್ಲಿ ಒಂದೆರಡು ಸಾಲು ಬರೆದು ಸಹಿ ಹಾಕಿದರು. ಅದು ಆಶೀರ್ವಾದ ಎಂದು ಅಪ್ಪ ಕ್ಯಾಂಪಿನವರಿಗೆಲ್ಲ ಹೇಳಿದ್ದ. ಮಗಳೂ ಅದನ್ನೇ ಹೇಳಿಕೊಂಡು ಬಂದಿದ್ದಳು. ಹೊಲ, ಮಕ್ಕಳು, ಸಂತೆ ಎಂದು ಓಡಾಡುವ ಜನ, ಯಾರೂ ಮುಚ್ಚಳ ತೆಗೆಸಿ ಓದಲು ಹೋಗಿರಲಿಲ್ಲ.

ನಾನು ಹಾಲಿಗೆ ಹೋದಾಗ ಮೇಜಿನ ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದಿದ್ದವು. ನಮ್ಮ ಕಡೆ ಸತ್ಯಶೋಧನೆ ಮಿರ್ಚಿಯಿಲ್ಲದೆ ಶುರುವಾಗುವುದಿಲ್ಲ. ಒಂದು ಕಡೆ ಸಾವ್ಕಾರರು, ಇನ್ನೊಂದು ಕಡೆ ಗೋಡೆಯ ಉಸ್ತಾದರನ್ನೆಲ್ಲ ಬೆನ್ನಿಗಿಟ್ಟುಕೊಂಡು ಪ್ರಿನ್ಸಿಪಾಲರು. ದೀದಿ ಪೇಟಿಯನ್ನು ನೆಲದ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಯಾರೂ ಕುರ್ಚಿ ಹಾಕಿರಲಿಲ್ಲ, ಅಥವಾ ಹಾಕಿದ್ದರೂ ಅವಳು ಒಲ್ಲೆ ಎಂದಿರಬೇಕು.

ಪ್ರಿನ್ಸಿಪಾಲರು ನನ್ನ ಗುರುತು ಹಿಡಿಯಲಿಲ್ಲ. ಅಷ್ಟು ಕೆನ್ನೆಗಳಲ್ಲಿ ಒಂದು ಕೆನ್ನೆ ನೆನಪಿರುವುದೂ ಕಷ್ಟ. ನನ್ನನ್ನು ಬ್ಯಾಂಕಿನವರು ಎಂದು ತಿಳಿದು ಬಹಳ ಸಂತೋಷಪಟ್ಟು, ಕಾಲೇಜಿನ ಪಾಠದಂತೆ ಹೇಳಿದರು.

"ವಿಷಯ ಭಾಳ ಸರಳ ಐತ್ರಿ. ಆ ಸರೋದಿನೋರ ಸಹಿ ನಮ್ಮ ಹತ್ರ ಎರಡು ಅದಾವು. ಒಂದು ಗೋಡಿ ಮ್ಯಾಲಿನ ಫೋಟೋದಾಗ, ಒಂದು ನಮ್ಮ ಅಳಿಯನ ಕಾಗದದಾಗ. ಎರಡೂ ಅಚ್ಚು ಹೊಡದಂಗ ತಾಳೆ ಆಗ್ತಾವು. ಈಕಿ ಪೇಟಿ ಮ್ಯಾಲಿಂದು ತಾಳೆ ಆಗಂಗಿಲ್ಲ. ಅಂದ್ರ ಈಕಿದು ಖೊಟ್ಟಿ. ಬ್ಯಾಂಕಿನೋರು ನೀವು, ಇಷ್ಟು ಬರದು ಕೊಡ್ರಿ ಸಾಕು."

"ಈಕಿ ಅಂತ ಯಾರಿಗ್ರಿ ಅನ್ನಾಕತ್ತೀರಿ?" ಎಂದಳು ದೀದಿ, ತಲೆ ಎತ್ತದೆ.

"ಅದು ಯಾವ ಭಾಷಾದಾಗ ಐತೋ ದೇವರಿಗೇ ಗೊತ್ತು."

"ಅವರ ತಾಯಿ ಮಾತಿನಾಗ ಐತ್ರಿ. ದೇವರಿಗಷ್ಟ ಅಲ್ಲ, ನನಗೂ ಗೊತ್ತೈತಿ."

ನಾನು ಮಿರ್ಚಿಯ ಎಣ್ಣೆ ಒರೆಸಿಕೊಂಡು ಗೋಡೆಯ ಹತ್ತಿರ ಹೋದೆ. ಸರೋದಿನವರ ಕಟ್ಟನ್ನು ಇಳಿಸಿ ಅಭ್ಯಾಸಬಲದಿಂದ ತಲೆಕೆಳಗೆ ಮಾಡಿದೆ. ಹೆಸರು ಹೋಯಿತು, ಗೆರೆ ಉಳಿಯಿತು. ಸಹಿ ಹಸಿರು ಮಸಿಯಲ್ಲಿತ್ತು. ಅರ್ಧ ಫೋಟೋದ ಮೇಲೆ, ಅರ್ಧ ಅದನ್ನು ಅಂಟಿಸಿದ ರಟ್ಟಿನ ಮೇಲೆ. ಅದರಿಂದ ಹೊರಟ ಬಾಲ ಆ ಮಹಾಕಲಾವಿದರ ಕೆನ್ನೆ ದಾಟಿ ಕಿವಿಯ ಹತ್ತಿರ ಕೊಂಕಿತ್ತು. ಸಿತಾರಿನವರನ್ನು ನೋಡಿದೆ, ಅರ್ಧ ಫೋಟೋ, ಅರ್ಧ ರಟ್ಟು. ಶಹನಾಯಿಯವರು, ತಬಲಾದವರು, ಎಲ್ಲರೂ ಹಾಗೆಯೇ. ಇಡೀ ಗೋಡೆಯೇ ನೌಕರಿಗೆ ಅರ್ಜಿ ಹಾಕಿತ್ತು.

ನನಗೆ ನಗು ತಡೆಯುವುದು ಕಷ್ಟವಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮೋಸ ಮಾಡಲು ಕೂತಾಗಲೂ ಈ ಮನುಷ್ಯ ನಿಯಮ ಮುರಿದಿರಲಿಲ್ಲ. ಕ್ಯಾಲೆಂಡರಿನಿಂದ ಕತ್ತರಿಸಿದ ಉಸ್ತಾದರನ್ನು ಯಾರಾದರೂ ಕಿತ್ತು ಬೇರೆ ಉಸ್ತಾದರನ್ನು ಅಂಟಿಸಿಬಿಟ್ಟರೆ ಎಂಬ ಭಯಕ್ಕೆ ಅಂಚಿನ ಮೇಲೇ ಸಹಿ ಹಾಕಿದ್ದರು. ಹೆಸರಿನ ಅಕ್ಷರಗಳನ್ನು ಅಭ್ಯಾಸ ಮಾಡಿದ್ದರು, ಪಾಪ, ಬಹಳ ಶ್ರದ್ಧೆಯಿಂದ. ಕೈ ಎಲ್ಲಿ ಕೂರಬೇಕು ಎನ್ನುವುದನ್ನು ಮಾತ್ರ ಮರೆಯಲು ಆಗಿರಲಿಲ್ಲ.

"ಸರ್, ಈ ದೊಡ್ಡೋರು ತಮ್ಮ ಫೋಟೋ ತಾವ ಅಟೆಸ್ಟ್ ಮಾಡ್ಕೊಂಡಾರಲ್ರಿ. ಯಾವ ನೌಕರಿಗೆ ಅರ್ಜಿ ಹಾಕಿದ್ರಂತ?" ಎಂದೆ.

ಸಾವ್ಕಾರರ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

"ಕಲಾವಿದರ್ರೀ ಅವರು. ಎಲ್ಲಿ ಮನಸು ಬರ್ತೈತೋ ಅಲ್ಲಿ ಸಹಿ ಮಾಡ್ತಾರ," ಎಂದರು ಪ್ರಿನ್ಸಿಪಾಲರು.

"ಎಲ್ಲಾರಿಗೂ ಹಸಿರು ಮಸಿ ಮ್ಯಾಲ ಮನಸು ಬಂತೇನ್ರಿ?"

"ಪೆನ್ನು ನಂದಿತ್ತು. ನಾನ ಕೊಟ್ಟಿದ್ದೆ."

ಒಪ್ಪಬೇಕು, ಉತ್ತರ ಚೆನ್ನಾಗಿತ್ತು. ಇಷ್ಟು ಬೇಗ ಇಂಥ ಉತ್ತರ ಹುಟ್ಟಿಸುವವರು ಕೌಂಟರಿನ ಆಚೆ ಸಿಕ್ಕಾಗಲೆಲ್ಲ ನನಗೆ ಒಳಗೊಳಗೇ ಗೌರವ ಹುಟ್ಟುತ್ತಿತ್ತು. ನಾನು ಕಟ್ಟನ್ನು ಮೇಜಿನ ಮೇಲಿಟ್ಟು ಬಾಲದ ಮೇಲೆ ಬೆರಳಿಟ್ಟೆ.

"ಪೆನ್ನು ಕೊಟ್ಟಿರಿ, ಸರಿ. ಈ ಬಾಲನೂ ನೀವ ಕೊಟ್ಟಿರೇನು? ಇದರ ಗುರ್ತು ನನಗ ಐತ್ರಿ ಸರ್. ನಾ ಗುರುಗುಂಟಾದಾಕಿ. ನಿಮ್ಮ ಕಟ್ಟಿ ಮುಂದ ನಿಂತು ಅಟೆಸ್ಟ್ ಮಾಡಿಸಿಕೊಂಡೀನಿ. ನನ್ನ ಗಲ್ಲದ ಮ್ಯಾಲ ಇದ ಬಾಲ ಹಾದು ಹೋಗೈತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಪ್ರಿನ್ಸಿಪಾಲರ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಅಲ್ಲಿದ್ದ ಪೆನ್ನಿನ ಹಸಿರು ಟೊಪ್ಪಿಗೆಯನ್ನು ಅಂಗೈಯಿಂದ ಮುಚ್ಚಿಕೊಂಡರು. ಬಹಳ ಹೊತ್ತು ಕೈ ಅಲ್ಲಿಂದ ಇಳಿಯಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಮರ್ಯಾದಸ್ಥರು ಬಿದ್ದಾಗ ಒಬ್ಬರೇ ಬೀಳಲು ಒಪ್ಪುವುದಿಲ್ಲ.

"ಆತು, ನಮ್ಮವು ಬಾಜೂಕ ಇಡ್ರಿ," ಎಂದರು. "ಪೇಟಿ ಮ್ಯಾಲಿಂದು ಅಸಲಿ ಅನ್ನಾಕ ಏನ್ ಆಧಾರ ಐತಿ? ಆಶೀರ್ವಾದ ಅಂತಾಳ. ಏನಂತ ಆಶೀರ್ವಾದ? ಓದಲಿ, ಎಲ್ಲಾರೂ ಕೇಳೋಣು."

"ಹೌದು ದೀದಿ, ಅದು ನ್ಯಾಯ ಐತಿ. ಓದಿಬಿಡ್ರಿ," ಎಂದರು ಸಾವ್ಕಾರರು.

ದೀದಿ ಓದಲಿಲ್ಲ. ಪೇಟಿಯ ಮುಚ್ಚಳ ತೆರೆದೇ ಇತ್ತು. ಮರದ ಮೇಲೆ ದಪ್ಪ ಪೆನ್ಸಿಲಿನ ಬರಹ, ಅದರ ಮೇಲೆ ಅಪ್ಪ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹಳದಿಯಾಗಿತ್ತು. ನಾನು ಬಗ್ಗಿ ನೋಡಿದೆ. ಭಾಷೆ ಬರದಿದ್ದರೂ ಗೆರೆ ಬರುತ್ತದಲ್ಲ. ಅವಸರದ ಬರಹ, ಒಂದು ಕಡೆ ಪೆನ್ಸಿಲ್ ಒತ್ತಿ ಮರ ಗಾಯವಾಗಿತ್ತು, ಕೊನೆಯ ಅಕ್ಷರ ಮುಗಿಯುವ ಮುಂಚೆಯೇ ಕೈ ಎದ್ದಿತ್ತು. ಭಯವೂ ಇಲ್ಲ, ಭಕ್ತಿಯೂ ಇಲ್ಲ. ಆದರೆ ಆಶೀರ್ವಾದ ಬರೆಯುವವರ ಕೈ ಇಷ್ಟು ಸಿಟ್ಟಿನಿಂದ ಒತ್ತುವುದಿಲ್ಲ ಎಂದು ನನಗೆ ಅನ್ನಿಸಿತು. ದೀದಿಯ ಮುಖ ನೋಡಿದಾಗ ಅವಳಿಗೆ ನನ್ನ ಅನಿಸಿಕೆ ತಿಳಿದದ್ದು ನನಗೂ ತಿಳಿಯಿತು.

"ಓದಲಿಲ್ಲಂದ್ರ ನಡೀತೈತವ್ವಾ," ಎಂದೆ ಮೆಲ್ಲಗೆ. "ನಾ ಅಸಲಿ ಅಂತ ಬರದು ಕೊಡ್ತೀನಿ."

"ಬ್ಯಾಡಕ್ಕ," ಎಂದಳು. "ನೀ ಬರದು ಕೊಟ್ರ ಇವರು ನಿಂದೂ ಒರಿಜಿನಲ್ ಕೇಳ್ತಾರ."

ಮೊದಲು ಬಂಗಾಳಿಯಲ್ಲಿ ಓದಿದಳು. ಆಮೇಲೆ ನಮ್ಮ ಮಾತಿನಲ್ಲಿ ಹೇಳಿದಳು.

"ಮೀನು ಛಲೋ ಇತ್ತು. ನಿಮ್ಮ ಪೇಟಿದು ಮಧ್ಯಮ ಸ್ವರ ಇಳದೈತಿ. ಅದನ್ನ ರಿಪೇರಿ ಮಾಡಿಸೋ ತನಕ ಯಾರಿಗೂ ಸಂಗೀತ ಕಲಿಸಬ್ಯಾಡ್ರಿ." ಬೆರಳಿಟ್ಟು ತೋರಿಸಿ, "ಕೆಳಗ ಸಹಿ," ಎಂದಳು.

ಇಷ್ಟು ವರ್ಷ ಅಪ್ಪ ಮಗಳು ಇಬ್ಬರೂ ಆಶೀರ್ವಾದ ಎಂದು ಹೇಳಿಕೊಂಡು ಬಂದದ್ದು ಒಂದು ಬೈಗುಳ. ಸದ್ದಿಲ್ಲದ ಕೋಣೆ ಕೇಳಲು ಬಂದವಳು, ಕಲಿಸಬೇಡಿ ಎಂಬ ಮಾತನ್ನು ತನ್ನ ಬಾಯಿಂದಲೇ ಓದಿದ್ದಳು. ಪ್ರಿನ್ಸಿಪಾಲರ ಕೈ ಮಾತ್ರ ಆಗ ಜೇಬಿನಿಂದ ಇಳಿಯಿತು. ಮುಖ ಅರಳಿತು.

"ಕೇಳಿದ್ರೇನ್ರಿ ಸಾವ್ಕಾರ್ರ? ಕಲಿಸಬ್ಯಾಡ ಅಂತ ಸ್ವತಃ ಅವರ ಬರದಾರ. ಅಷ್ಟು ದೊಡ್ಡ ಮನುಷ್ಯರು ಬ್ಯಾಡ ಅಂದ ಮ್ಯಾಲ ನಮ್ಮದೇನೈತಿ?"

ಸಾವ್ಕಾರರು ಮಿರ್ಚಿಯನ್ನು ತಟ್ಟೆಗೆ ಇಟ್ಟರು. ನೆಲ್ಲು ಕೊಳ್ಳುವಾಗ ಚೀಲದೊಳಗೆ ಕೈ ಹಾಕಿ ತೇವ ನೋಡುವ ಮನುಷ್ಯ. ಮಾರುವವನ ಬಾಯಿಂದ ಒಂದು ಮಾತು ಹೆಚ್ಚು ಬೀಳಲಿ ಎಂದು ಕಾಯುವುದು ಅವರ ಕಸುಬು.

"ಸ್ವತಃ ಅವರ ಬರದಾರ ಅಂದ್ರಿ, ಅಲ್ಲೇನ್ರಿ ಸರ್?" ಎಂದರು.

"ಹೌದಲ್ರೀ. ಈಗ ಓದಿದ್ಲಲ್ಲ."

"ಹಂಗಾರ ಸಹಿ ಅಸಲಿ ಅಂತ ನೀವೂ ಒಪ್ಪಿದ್ರಿ."

ಪ್ರಿನ್ಸಿಪಾಲರ ಕೈ ಮತ್ತೆ ಜೇಬಿಗೆ ಹೋಯಿತು.

"ನಾ ಓದಿದಾಂವಲ್ಲ ಮೇಡಂಗಾರು," ಎಂದು ಸಾವ್ಕಾರರು ನನ್ನ ಕಡೆ ತಿರುಗಿದರು. "ಖರೇ ಹೇಳ್ರಿ. ಖೊಟ್ಟಿ ಬರಿಯೋನು ಯಾರರ ತನಗ ತಾನ ಬೈಕೊಂಡು ಬರಿತಾನೇನ್ರಿ?"

ಇಡೀ ನೌಕರಿಯಲ್ಲಿ ನಾನು ಕಲಿತದ್ದನ್ನು ಅವರು ಮಿರ್ಚಿ ತಟ್ಟೆಗಿಟ್ಟು ಹೇಳಿಬಿಟ್ಟಿದ್ದರು. ಗೋಡೆಯ ಮೇಲಿನ ಉಸ್ತಾದರು ಎಲ್ಲರೂ ಶುಭಾಶಯ ಕೋರಿದ್ದರು, ಪ್ರೀತಿಯಿಂದ, ಆಶೀರ್ವಾದಗಳೊಂದಿಗೆ. ಬೈದವರು ಇವರೊಬ್ಬರೇ.

"ಒಂದ್ಸಲ ಬಾರಿಸ್ರಿ ದೀದಿ, ಕೇಳೋಣು," ಎಂದರು ಸಾವ್ಕಾರರು.

ದೀದಿ ತಿದಿ ಒತ್ತಿದಳು. ಸ, ರಿ, ಗ, ಮೂರೂ ನೆಟ್ಟಗೆ ಬಂದವು. ನಾಲ್ಕನೆಯದು, ಆ ಮಧ್ಯಮ, ಬಂತು, ಮೆಟ್ಟಿಲು ತಪ್ಪಿ ಕಾಲಿಟ್ಟಂತೆ. ಸಂಗೀತ ತಿಳಿಯದ ನನಗೂ ತಿಳಿಯಿತು, ಸಾವ್ಕಾರರಿಗೂ ತಿಳಿಯಿತು. ಪ್ರಿನ್ಸಿಪಾಲರು ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು, ಹಳೆಯ ಅಭ್ಯಾಸ.

"ಇಷ್ಟು ವರ್ಷ ಆತು, ಯಾಕ ರಿಪೇರಿ ಮಾಡಿಸಲಿಲ್ಲವ್ವಾ ನಿಮ್ಮಪ್ಪ?" ಎಂದು ಕೇಳಿದೆ.

"ಬಿಚ್ಚಾಕ ಬಿಡಲೇ ಇಲ್ಲಕ್ಕ. ಮಧ್ಯಮ ಸುದ್ದ ಆತಂದ್ರ ಅವರು ಬರದಿದ್ದು ಸುಳ್ಳಾಗ್ತೈತಿ ಅಂತಿದ್ದ. ಅಂಥವರ ಮಾತು ನನ್ನಿಂದ ಸುಳ್ಳಾಗಬಾರ್ದು ಅಂತ." ಮುಚ್ಚಳದ ಮೇಲೆ ಕೈಯಾಡಿಸಿದಳು. "ಈ ಪೇಟಿ ಮುಟ್ಟಿ ಯಾರಿಗೂ ಕಲಿಸಲೂ ಇಲ್ಲ. ನನಗ ಬರೇ ಗಂಟಲಲೇ ಕಲಿಸಿದ. ಮಧ್ಯಮ ಬಂದಾಗ ನನ್ನ ಗದ್ದ ಹಿಡದು ಮ್ಯಾಲೆತ್ತತಿದ್ದ."

ಹಾಗೆಂದು ಅವಳು ಪೇಟಿ ಬಿಟ್ಟು ಆ ಸ್ವರವನ್ನು ಹಾಡಿದಳು. ಕೆಳಗೆ ಸುತ್ತಿಗೆ ಬಡಿಯುವವರು ಯಾರೂ ಇರಲಿಲ್ಲ. ಸ್ವರ ಆ ಖಾಲಿ ಹಾಲಿನಲ್ಲಿ ಬೇಕಾದಷ್ಟು ಹೊತ್ತು ನಿಂತಿತು. ನನಗೆ ಅಳು ಬಂತು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಸಂಗೀತ ತಿಳಿದು ಬಂದದ್ದಲ್ಲ, ಆ ಅಪ್ಪನ ಹುಚ್ಚು ಮರ್ಯಾದೆ ನೆನೆದು ಬಂದದ್ದು. ಒಬ್ಬ ಮನುಷ್ಯ ದೊಡ್ಡವರು ಬರೆದ ಬೈಗುಳ ಸುಳ್ಳಾಗಬಾರದೆಂದು ತನ್ನ ಪೇಟಿಯನ್ನು ಸಾಯುವ ತನಕ ಕೆಟ್ಟದ್ದಾಗಿಯೇ ಇಟ್ಟುಕೊಂಡಿದ್ದ. ಇನ್ನೊಬ್ಬರು ದೊಡ್ಡವರ ಹೊಗಳಿಕೆಯನ್ನು ತಾವೇ ಬರೆದುಕೊಂಡು ಕಟ್ಟು ಹಾಕಿಸಿದ್ದರು.

ಕೋಣೆ ದೀದಿಗೆ ಸಿಕ್ಕಿತು. ಸಾವ್ಕಾರರು ಅಲ್ಲೇ, ತಟ್ಟೆ ಖಾಲಿಯಾಗುವ ಮುಂಚೆಯೇ ಹೇಳಿಬಿಟ್ಟರು. ಮಸ್ಕಿಯ ಅಳಿಯ ಬೇಸರ ಮಾಡಿಕೊಳ್ಳಲಿಲ್ಲ. ಲಗ್ನದ ಸುಗ್ಗಿ, ಅವನಿಗೆ ಪುರುಸೊತ್ತಿರಲಿಲ್ಲ. ಅವನನ್ನು ಶಿಷ್ಯ ಮಾಡುವ ಆತುರ ಮಾವನಿಗಿತ್ತೇ ಹೊರತು ಅವನಿಗಿರಲಿಲ್ಲವೆಂದು ಆಮೇಲೆ ತಿಳಿಯಿತು.

ಗೋಡೆಯ ಉಸ್ತಾದರನ್ನು ಇಳಿಸುತ್ತಾರೆಂದು ನಾನು ಕಾದೆ. ಇಳಿಸಲಿಲ್ಲ. ಕೇಳಿದರೆ ಸಾವ್ಕಾರರು ಹೇಳಿದ್ದು ಇಷ್ಟೇ, "ದೊಡ್ಡೋರು ಬಂದು ರಿಬ್ಬನ್ ಕತ್ತರಿಸ್ಯಾರ ಮೇಡಂಗಾರು, ಪೇಪರಿನಾಗ ಫೋಟೋ ಬಂದೈತಿ. ಈಗ ಇಳಿಸಿದ್ರ ಮಂದಿ ಯಾಕ ಅಂತ ಕೇಳ್ತಾರ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಳಿಸುವ ಬದಲು ಇನ್ನೊಂದನ್ನು ಏರಿಸುವುದೆಂದು ತೀರ್ಮಾನವಾಯಿತು. ಪೇಟಿಯ ಮುಚ್ಚಳದ ಫೋಟೋ ತೆಗೆಸಿ, ಕನ್ನಡ ಅರ್ಥ ಕೆಳಗೆ ಬರೆಸಿ, ಉಳಿದವರ ಸಾಲಿನಲ್ಲಿ ಹಾಕುವುದು. ಆದರೆ ನಕಲನ್ನು ಹಾಗೇ ಹಾಕಲು ಬರುವುದಿಲ್ಲ, ದೃಢೀಕರಣ ಬೇಕು ಎಂದು ಯಾರೋ ಅಂದರು. ದೃಢೀಕರಣಕ್ಕೆ ಗೌರವಾಧ್ಯಕ್ಷರಿಗಿಂತ ಹೆಚ್ಚಿನವರು ಯಾರಿದ್ದಾರೆ? ಇದು ಸಾವ್ಕಾರರ ಕೀಟಲೆಯೋ, ನಮ್ಮ ಜನರ ಹುಟ್ಟು ಮುಗ್ಧತೆಯೋ, ನಾನು ಈವರೆಗೂ ಹೇಳಲಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ.

ಪಾಠ ಶುರುವಾದ ದಿನ ಪ್ರಿನ್ಸಿಪಾಲರು ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ, ಸಹಿ ಮಾಡಲು ಕರೆದರೆ ಅವರು ಬಾರದೆ ಇರಲಾರರು ಎನ್ನುವುದನ್ನು ಮರೆತಿದ್ದೆ. ರಟ್ಟಿಗೆ ಅಂಟಿಸಿದ ಫೋಟೋವನ್ನು ಅವರ ಮುಂದೆ ಇಟ್ಟರು. ಅವರು ಕನ್ನಡಕ ಹಾಕಿಕೊಂಡು, ಪೆನ್ನಿನ ಟೊಪ್ಪಿಗೆ ತೆಗೆದು, ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಒರಿಜಿನಲ್ ಎಲ್ಲೈತಿ?"

ಅಭ್ಯಾಸ, ಪಾಪ. ಬಾಯಿ ಜಾರಿದ್ದು ಅವರಿಗೂ ಆಮೇಲೆ ತಿಳಿದಿರಬೇಕು. ದೀದಿ ಮಕ್ಕಳ ನಡುವಿನಿಂದ ಎದ್ದು ಬಂದಳು. ಅಪ್ಪನ ಪೇಟಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವರ ತೊಡೆಯ ಮೇಲೆ ಇಟ್ಟಳು.

"ತಗೋರಿ ಸರ್, ಒರಿಜಿನಲ್. ಮಧ್ಯಮ ಒತ್ತಿ ನೋಡ್ಕೋರಿ."

ಅವರು ಒತ್ತಿ ನೋಡಲಿಲ್ಲ. ಪೇಟಿಯ ಭಾರಕ್ಕೆ ಕಾಲು ಅಲುಗಿಸದೆ, ಅದರ ಮುಚ್ಚಳದ ಮೇಲೇ ಫೋಟೋ ಇಟ್ಟುಕೊಂಡು ಸಹಿ ಮಾಡಿದರು. ಅರ್ಧ ಫೋಟೋದ ಮೇಲೆ, ಅರ್ಧ ರಟ್ಟಿನ ಮೇಲೆ, ಬಾಲ ಎಳೆದು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಕೈ ಎಲ್ಲೂ ತಡೆಯಲಿಲ್ಲ, ಬಹಳ ಅವಸರದಲ್ಲಿತ್ತು.

ಆ ಕಟ್ಟು ಈಗ ಸಾಲಿನ ಕೊನೆಯಲ್ಲಿದೆ. ಗೋಡೆಯ ಮೇಲೆ ಹಸಿರು ಸಹಿಗಳು ಬಹಳ ಇವೆ. ಅವುಗಳಲ್ಲಿ ಅಸಲಿ ಅದೊಂದೇ, ಯಾಕೆಂದರೆ ಅದರಲ್ಲಿ ಪ್ರಿನ್ಸಿಪಾಲರು ತಮ್ಮ ಸ್ವಂತ ಹೆಸರು ಬರೆದಿದ್ದಾರೆ.